ಎಡಬದಿಯ ಭಾರ

ಮೊನ್ನೆ ಮೊನ್ನೆಯವರೆಗೂ ನಮ್ಮ ಹಿತ್ತಲಿನ ಬಸಳೆ ಬಳ್ಳಿ ಹಬ್ಬಿಕೊಂಡಿದ್ದದ್ದು ಬಿದಿರಿನ ಚಪ್ಪರಕ್ಕಲ್ಲ, ಒಂದು ಮೋಟಾರ್ ಸೈಕಲ್ಲಿನ ಸೀರೆ ಗಾರ್ಡಿಗೆ. ಹೀಗೆಂದರೆ ನಿಮಗೆ ನಗು ಬಂದೀತು. ನಗಿ, ನನಗೇನೂ ಬೇಸರವಿಲ್ಲ. ಅದನ್ನು ನೋಡಿದ ಕೊಪ್ಪದ ನೆರೆಹೊರೆಯವರೆಲ್ಲ ನಕ್ಕೇ ಮುಂದೆ ಹೋಗಿದ್ದಾರೆ. ಸೀರೆ ಗಾರ್ಡೆಂದರೆ ನಿಮಗೆ ಗೊತ್ತೇ ಇದೆ: ಹಿಂದಿನ ಸೀಟಿನಲ್ಲಿ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂರುವ ಹೆಂಗಸರ ಸೀರೆ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಳ್ಳದಿರಲೆಂದು ಎಡಬದಿಗೆ ಬಿಗಿಯುವ ಕಬ್ಬಿಣದ ಜಾಲರಿ. ನನ್ನದು ಅಂಗಡಿಯಿಂದ ತಂದದ್ದಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ನನ್ನ ಮದುವೆ ನಿಶ್ಚಯವಾದ ಸುದ್ದಿ ಕೇಳಿದ್ದೇ, ಪೇಟೆಯ ತುದಿಯಲ್ಲಿ ವೆಲ್ಡಿಂಗ್ ಶೆಡ್ಡು ಇಟ್ಟುಕೊಂಡಿದ್ದ ಇಬ್ರಾಹಿಂ ಸಾಹೇಬರು ತಾವಾಗಿಯೇ ಮಾಡಿಕೊಟ್ಟದ್ದು. ನಡುವೆ ಎರಡು ಮಾವಿನಕಾಯಿಯ ಬುಟ್ಟಾ ಕೂರಿಸಿ, "ಸೀರೆ ಕಾಯುವಂಥದ್ದು ಸೀರೆಯ ಹಾಗೇ ಇರ್ಬೇಕಲ್ಲ ಮೇಷ್ಟ್ರೆ" ಎಂದು ನಕ್ಕಿದ್ದರು.

ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ನನ್ನ ಹೆಂಡತಿ ಸುಮಿತ್ರೆ ಆಸ್ಪತ್ರೆಯಲ್ಲಿ ಹೆರಿಗೆ ನೋಡಿಕೊಳ್ಳುವ ನರ್ಸು. ಮದುವೆಯಾದ ಹೊಸತರಲ್ಲಿ ಗಂಡಹೆಂಡಿರು ಬೈಕಿನಲ್ಲಿ ಸಿನಿಮಾಕ್ಕೋ ಸಂತೆಗೋ ಹೋಗುವುದು ಲೋಕರೂಢಿ. ನಾವು ಹೋಗುತ್ತಿದ್ದದ್ದು ಹೆರಿಗೆಗಳಿಗೆ. ಪಕ್ಕದ ನಾರ್ವೆ ಹಳ್ಳಿಯಿಂದ ಯಾರೋ ಓಡಿಬಂದು ಬಾಗಿಲಲ್ಲಿ ನಿಂತರೆ, ನಾನು ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಕಿಕ್ಕರ್ ಒದೆಯಬೇಕು. ಅವಳು ತೊಡೆಯ ಮೇಲೆ ಚೀಲವಿಟ್ಟುಕೊಂಡು ಹಿಂದೆ ಕೂರಬೇಕು. ಬಸರೀಕಟ್ಟೆಯ ತೋಟದ ಕೂಲಿಯವರ ಲೈನು ಮನೆಗಳು, ನರಸಿಂಹರಾಜಪುರದ ದಾರಿಯ ಒಂಟಿ ಮನೆಗಳು, ಎಲ್ಲಿಗೆ ಹೋದರೂ ಜನ ಅವಳನ್ನು ಒಳಗೆ ಕರೆದುಕೊಂಡು ನನಗೆ ಜಗಲಿ ತೋರಿಸುತ್ತಿದ್ದರು. ಪಾಠ ಹೇಳಿಸಿಕೊಂಡ ಹುಡುಗರ ಅಪ್ಪಂದಿರೂ ನನ್ನನ್ನು "ನರ್ಸಮ್ಮನ ಡ್ರೈವರು" ಎಂದೇ ಗುರುತು ಹಿಡಿಯುತ್ತಿದ್ದರು. ಆ ಬಿರುದಿನ ಬಗ್ಗೆ ಮೇಲೆ ಮೇಲೆ ಸಿಡುಕಿದರೂ ಒಳಗೊಳಗೇ ಉಬ್ಬುತ್ತಿದ್ದೆ.

ಅವಳದೊಂದು ಪದ್ಧತಿಯಿತ್ತು. ಹೆರಿಗೆ ಸುಸೂತ್ರವಾದ ಮನೆಯಿಂದ ಕಾಸು ಮುಟ್ಟುತ್ತಿರಲಿಲ್ಲ. ಹೊರಡುವಾಗ ಅಂಗಳದಲ್ಲಿ ಕಂಡ ಯಾವುದಾದರೂ ಗಿಡದ ಒಂದು ತುಂಡು ಮುರಿದುಕೊಂಡು ಚೀಲಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಹಾಗೆ ನಮ್ಮ ಹಿತ್ತಲಿನಲ್ಲಿ ನಾರ್ವೆಯ ಬಸಳೆ, ಬಸರೀಕಟ್ಟೆಯ ದಾಸವಾಳ, ಇನ್ನೆಲ್ಲಿಯದೋ ದುಂಡುಮಲ್ಲಿಗೆ, ಒಂದಕ್ಕೊಂದು ಹೊಂದದ ಕಾಡು ಬೆಳೆಯಿತು. ಮಗು ಉಳಿಯದ ಮನೆಯಿಂದ ಮಾತ್ರ ಅವಳು ಎಲೆಯನ್ನೂ ತರುತ್ತಿರಲಿಲ್ಲ. ಅಂಥ ದಿನ ಬೈಕು ಹತ್ತಿ ನನ್ನ ಬೆನ್ನಿಗೆ ಹಣೆಯಾನಿಸಿ ಕೂತರೆ ಕೊಪ್ಪ ಬರುವವರೆಗೆ ಮಾತಿಲ್ಲ, ನಾನೂ ಕೇಳುತ್ತಿರಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ಊರೂರಿನ ಮಕ್ಕಳನ್ನು ಎತ್ತಿ ಲೋಕಕ್ಕೆ ತೋರಿಸಿದವಳಿಗೆ ತನ್ನದೊಂದು ಇಲ್ಲವೆಂಬ ಸಂಕಟವಿತ್ತೆಂಬುದನ್ನು ನಾನು ಬಲ್ಲೆ. ಆ ಹಿತ್ತಲಿಗೆ ಅವಳು ನೀರು ಹಾಕುವ ರೀತಿಯನ್ನು ನೋಡಿದ್ದರೆ ನಿಮಗೂ ತಿಳಿಯುತ್ತಿತ್ತು.

ಒಂದೇ ಬದಿಗೆ ಕೂತವರನ್ನು ಹೊತ್ತ ಗಾಡಿ ಎಡಕ್ಕೆ ಎಳೆಯುತ್ತದೆ. ನೇರ ಓಡಿಸಬೇಕಾದರೆ ಸವಾರ ಒಂದಿಷ್ಟು ಬಲಕ್ಕೆ ವಾಲಬೇಕು. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಮೈ ತಾನೇ ಕಲಿಯುತ್ತದೆ. ಶೃಂಗೇರಿ ದಾಟಿ ಬೇಗಾರಿನಲ್ಲಿದ್ದ ಅವಳ ತವರಿಗೆ ಹೋಗುವ ದಾರಿಯ ತಿರುವುಗಳಲ್ಲಿ ನನ್ನ ವಾಲುವಿಕೆ ಅತಿಯಾದಾಗ ಅವಳು ಹಿಂದಿನಿಂದ ಛೇಡಿಸುತ್ತಿದ್ದಳು: "ಅಷ್ಟು ಬಲಕ್ಕೆ ಬೀಳ್ಬೇಡಿ ಮಾರಾಯ್ರೆ, ನಾನೆಂತ ಅಕ್ಕಿಮೂಟೆಯಾ?" ನಾನು ಬೇಕೆಂದೇ ಇನ್ನಷ್ಟು ವಾಲುತ್ತಿದ್ದೆ.

ಒಂದು ಮಳೆಗಾಲ ಅವಳ ಕಣ್ಣು ಹಳದಿಯಾಯಿತು. ಕಾಮಾಲೆಯೆಂದು ಎಲ್ಲರಿಗಿಂತ ಮೊದಲು ಕಂಡುಕೊಂಡವಳು ಅವಳೇ. ತೋಟದವರ ಜೀಪಿನಲ್ಲಿ ಶಿವಮೊಗ್ಗಕ್ಕೆ ಕರೆದೊಯ್ದೆವು. ಅದೇ ಜೀಪಿನಲ್ಲಿ ತಿರುಗಿ ಬಂದೆವು. ಬರುವಾಗ ಅವಳಿಗೆ ಅದು ಗೊತ್ತಾಗಲು ಉಸಿರೇ ಇರಲಿಲ್ಲ. ಆಮೇಲೆ ನಾನು ಬೈಕನ್ನು ಸೌದೆ ಕೊಟ್ಟಿಗೆಗೆ ತಳ್ಳಿ ಟಾರ್ಪಾಲು ಹೊದಿಸಿದೆ. ಸೀರೆ ಗಾರ್ಡನ್ನು ಮಾತ್ರ ಬಿಚ್ಚಿ, ಆಸರೆಯಿಲ್ಲದೆ ನೆಲದ ಮೇಲೆ ಹರಿದಾಡುತ್ತಿದ್ದ ಬಸಳೆಗೆ ಗೋಡೆಯ ಪಕ್ಕ ನೆಟ್ಟೆ. ಅದೇಕೆ ಹಾಗೆ ಮಾಡಿದೆನೋ ಈಗ ಹೇಳಲಾರೆ. ಅವಳ ವಸ್ತುಗಳಲ್ಲಿ ಒಂದಾದರೂ ಏನನ್ನಾದರೂ ಎತ್ತಿ ಹಿಡಿದಿರಲಿ ಎನ್ನಿಸಿರಬೇಕು.

ಏಳೆಂಟು ವರ್ಷ ಬಸ್ಸಿನಲ್ಲಿ ಓಡಾಡಿದೆ. ಬಸ್ಸಿನಲ್ಲಿ ದುಃಖಿಗೆ ಒಂದು ಅನುಕೂಲವಿದೆ, ಯಾರೋ ಓಡಿಸುತ್ತಾರೆ, ನೀವು ಕಿಟಕಿಯ ಕಡೆ ಮುಖ ತಿರುಗಿಸಿದರೆ ಆಯಿತು. ಆದರೆ ಎಂಬತ್ತರ ದಶಕ ಬಂದು, ನನಗೆ ನಾರ್ವೆಯ ಶಾಲೆಗೆ ವರ್ಗವಾಗಿ, ಬೆಳಗಿನ ಬಸ್ಸು ದಿನವೂ ಪ್ರಾರ್ಥನೆ ಮುಗಿದ ಮೇಲೆಯೇ ಊರು ಮುಟ್ಟತೊಡಗಿದಾಗ, ಟಾರ್ಪಾಲು ಸರಿಸದೆ ಗತ್ಯಂತರವಿರಲಿಲ್ಲ. ಇಲಿ ಕಡಿದ ವಯರು, ತುಕ್ಕು ಹಿಡಿದ ಟ್ಯಾಂಕು, ಬಿರುಕು ಬಿಟ್ಟ ಟಯರುಗಳನ್ನು ನೋಡಿ ಇಬ್ರಾಹಿಂ ಸಾಹೇಬರು ಲೊಚಗುಟ್ಟಿದರು. ವಾರಗಟ್ಟಲೆ ಕೂತು ಅದಕ್ಕೆ ಜೀವ ಬರಿಸಿದ ಮೇಲೆ ಎಡಬದಿಯನ್ನು ನೋಡಿ, "ಗಾರ್ಡು ಎಲ್ಲಿ ಮೇಷ್ಟ್ರೆ?" ಎಂದರು. ಬಳ್ಳಿಯಲ್ಲಿದೆ ಎಂದೆ.

ಮೊದಲ ದಿನವೇ ಗಾಡಿ ಬಲಕ್ಕೆ ಎಳೆಯಿತು. ರಸ್ತೆಯ ಎಡಬದಿಯಲ್ಲಿ ಹೊರಟವನು ತುಸು ಹೊತ್ತಿನಲ್ಲಿ ನಡುವಿಗೆ ಬಂದಿರುತ್ತಿದ್ದೆ. ಎದುರಿನಿಂದ ಬಂದ ಬಸ್ಸಿನ ಡ್ರೈವರು ಬ್ರೇಕು ಹಾಕಿ, ಕಿಟಕಿಯಿಂದ ತಲೆ ಹೊರಹಾಕಿ, "ಆ ಬದಿಯೂ ನಿಮ್ಮದೇ, ಈ ಬದಿಯೂ ನಿಮ್ಮದೇ ಅಂದ್ರೆ ನಾವೆಲ್ಲಿಗೆ ಹೋಗುವುದು ಮೇಷ್ಟ್ರೆ?" ಎಂದು ಗದರಿದ. ಸಾಹೇಬರು ಚಕ್ರ ತಿರುಗಿಸಿ, ಹ್ಯಾಂಡಲ್ ಅಲ್ಲಾಡಿಸಿ, ಗಾಡಿಯಲ್ಲಿ ಎಂಥ ದೋಷವೂ ಇಲ್ಲವೆಂದರು. ಮರುದಿನ ನಾರ್ವೆಯ ದಾರಿಯ ತಿರುವೊಂದರಲ್ಲಿ ಗಾಡಿ ಮತ್ತೆ ಬಲಕ್ಕೆ ಜಾರಿದಾಗ, ಅಕ್ಕಿಮೂಟೆಯ ಮಾತು ತಟ್ಟನೆ ನೆನಪಾಯಿತು, ಮತ್ತು ನನಗೆ ತಿಳಿಯಿತು. ವಾಲುತ್ತಿದ್ದವನು ನಾನು. ಅವಳು ಹಿಂದೆ ಕೂತಿದ್ದಾಳೆಂದೇ ನನ್ನ ಸೊಂಟ ಇನ್ನೂ ನಂಬಿಕೊಂಡಿತ್ತು. ಮನಸ್ಸಿಗೆ ಮುಟ್ಟಿಸಿದ್ದ ಸಾವಿನ ಸುದ್ದಿಯನ್ನು ಮೈಗೆ ಯಾರೂ ಮುಟ್ಟಿಸಿರಲಿಲ್ಲ. ಗಾಡಿಯನ್ನು ಬದಿಗೆ ನಿಲ್ಲಿಸಿ ಹೊಂಗೆ ಮರದ ಬುಡದಲ್ಲಿ ಕೂತು ಅತ್ತೆ. ಆ ದಿನವೂ ಪ್ರಾರ್ಥನೆಗೆ ತಡವಾಯಿತು.

ಈ ದೋಷವನ್ನು ನಾನು ತಿದ್ದಿಕೊಳ್ಳಲಿಲ್ಲ. ಅವಳ ಸೀರೆಗಳನ್ನು ಅವಳ ತಂಗಿಯರು ಒಯ್ದಿದ್ದರು, ಧ್ವನಿಯನ್ನು ಕಾಲ ಒಯ್ದಿತ್ತು, ಇದ್ದ ಒಂದು ಫೋಟೋದಲ್ಲಿ ಅವಳು ಯಾರನ್ನೋ ನೋಡುತ್ತಿದ್ದಳು. ಉಳಿದದ್ದು ಈ ವಾಲುವಿಕೆ. ಕೈಯಿಂದ ಹ್ಯಾಂಡಲನ್ನು ಎಡಕ್ಕೆ ತಡೆಯುತ್ತಾ, ಸೊಂಟವನ್ನು ಅದರ ಪಾಡಿಗೆ ಬಿಟ್ಟು, ನಿತ್ಯ ಅವಳೊಡನೆ ಶಾಲೆಗೆ ಹೋಗಿಬರುತ್ತಿದ್ದೆ. ಹಿಂದಿನ ಸೀಟಿಗೆ ಯಾರನ್ನೂ ಹತ್ತಿಸುತ್ತಿರಲಿಲ್ಲ. ಶಾಲೆಯ ಜವಾನ ಕೇಳಿದರೆ ಸ್ಪ್ರಿಂಗು ಸರಿಯಿಲ್ಲ ಎನ್ನುತ್ತಿದ್ದೆ. ಮೇಷ್ಟ್ರಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ನಿಮಗನ್ನಿಸಿದರೆ ನಾನು ವಾದಿಸಲಾರೆ.

ಹೀಗಿರುವಾಗ ಜನವರಿಯ ಒಂದು ಭಾನುವಾರ ಮಧ್ಯಾಹ್ನ ಆಸ್ಪತ್ರೆಯ ಹೊಸ ನರ್ಸು ಮೇರಿ ನನ್ನ ಬಾಗಿಲಿಗೆ ಬಂದಳು. ನರಸಿಂಹರಾಜಪುರದ ಕಡೆಯ ಹುಡುಗಿ, ಪೇಟೆಯಲ್ಲಿ ದೂರದಿಂದ ನೋಡಿ ಗೊತ್ತಿತ್ತಷ್ಟೆ. ಓಡುತ್ತಲೇ ಬಂದಿರಬೇಕು, ಏದುಸಿರು ಬಿಡುತ್ತಿದ್ದಳು.

"ಸರ್, ಬಸರೀಕಟ್ಟೆ ಆಚೆ ಲೈನಲ್ಲಿ ಒಬ್ಬಳಿಗೆ ಬೆಳಗ್ಗಿಂದ ನೋವಂತೆ. ಮಗು ಕಾಲು ಮುಂದಾಗಿ ಉಂಟಂತೆ. ಲಾರಿಯವ ಹೇಳಿ ಹೋದ."

"ತೋಟದ ಜೀಪು?"

"ಕಾಫಿ ಹಾಕ್ಕೊಂಡು ಚಿಕ್ಕಮಗಳೂರಿಗೆ ಹೋಗಿದೆ. ಡಾಕ್ಟರು ಊರಲ್ಲಿಲ್ಲ. ಬಸ್ಸು ಸಂಜೆಗೇ. ನಿಮ್ಮ ಗಾಡಿ ಉಂಟು ಅಂದ್ರು, ಅದಕ್ಕೆ ಬಂದೆ."

ನಾನು ಹಿಂಜರಿದೆ. ಹಾದಿಗೆ ಹೆದರಿ ಅಲ್ಲ, ಬೀಳುವೆನೆಂದೂ ಅಲ್ಲ. ಆ ಸೀಟಿನ ಮೇಲೆ ಇನ್ನೊಬ್ಬರು ಕೂತರೆ ನನ್ನಲ್ಲಿ ಉಳಿದಿದ್ದ ಅವಳು ಎದ್ದು ಹೋಗುತ್ತಾಳೆಂಬ ಭಯ. ಇದನ್ನು ಆ ಹುಡುಗಿಗೆ ಹೇಗೆ ಹೇಳುವುದು? ಬೇರೆ ಯಾರನ್ನಾದರೂ ಕೇಳಿ ನೋಡಿದಿರಾ ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

"ಎಲ್ಲ ಕಡೆ ಕೇಳಿ ಆಯ್ತು ಸರ್" ಎಂದವಳು ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಒಳಗಿನ ಪಾತ್ರೆ ಕತ್ತರಿಗಳು ಕಿಣಿಕಿಣಿ ಎಂದವು. ಆ ಸದ್ದು ಕೇಳಿದ ಮೇಲೆ ನನ್ನಿಂದ ನಿಲ್ಲಲಾಗಲಿಲ್ಲ. ಆ ಸದ್ದಿಗೆ ಎದ್ದು ಹೊರಡುವುದು ನನಗೆ ಎಂದೋ ರೂಢಿಯಾಗಿತ್ತು.

ಮೇರಿ ಎಡಕ್ಕೆ ಕಾಲು ಇಳಿಬಿಟ್ಟು ಕೂತಳು. ಗಾಡಿ ಹೊರಟಿತು. ಪೇಟೆ ದಾಟಿ, ಜಯಪುರದ ರಸ್ತೆಗೆ ಬಿದ್ದು, ಮೊದಲ ಇಳಿಜಾರು ಮುಗಿಯುವ ಹೊತ್ತಿಗೆ ನನಗದು ಗೊತ್ತಾಯಿತು. ಗಾಡಿ ನೇರ ಹೋಗುತ್ತಿತ್ತು. ಹ್ಯಾಂಡಲನ್ನು ತಡೆಯುವ ಕೆಲಸವೇ ಇರಲಿಲ್ಲ. ಸೊಂಟ ತನ್ನ ಹಳೆಯ ಜಾಗದಲ್ಲಿ ಹಾಯಾಗಿತ್ತು. ಸುಮಿತ್ರೆ ಕೂತಾಗ ಹೇಗಿತ್ತೋ ಹಾಗೆಯೇ. ನನ್ನ ಮೈ ಇಷ್ಟು ದಿನ ಕಾದದ್ದು ಅವಳಿಗೆಂದು ನಾನು ನಂಬಿದ್ದೆ. ಅದು ಕಾದದ್ದು ಎಡಬದಿಯ ಒಂದು ಭಾರಕ್ಕೆ. ಯಾರದಾದರೂ ಆದೀತು, ಅಕ್ಕಿಮೂಟೆಯಾದರೂ ನಡೆದೀತು. ಅವಳ ತಮಾಷೆ ನಿಜವಾಯಿತಲ್ಲ ಎಂದು ಕಣ್ಣು ಮಂಜಾಯಿತು. ಅವಳು ಸತ್ತ ದಿನಕ್ಕಿಂತ ಹೆಚ್ಚಾಗಿ ಅವಳನ್ನು ಕಳೆದುಕೊಂಡದ್ದು ಆ ರಸ್ತೆಯಲ್ಲಿ ಎಂದರೆ ನೀವು ನಂಬಬೇಕು.

ಜಯಪುರ ದಾಟಿದ ಮೇಲೆ ಹಿಂದಿನಿಂದ, "ಸರ್, ಸ್ವಲ್ಪ ನಿಲ್ಸಿ" ಎಂದು ಕೇಳಿತು. ಸಾವಧಾನದ ದನಿಯೇ, ಆದರೆ ನಿಲ್ಲಿಸಿ ನೋಡಿದರೆ ಮೇರಿಯ ಬಿಳಿಯ ಸೀರೆಯ ಅಂಚು ಚಕ್ರದ ಕಡ್ಡಿಗೆ ಸುತ್ತಿಕೊಂಡು ಗ್ರೀಸಿನಲ್ಲಿ ಮುಳುಗಿತ್ತು. ಇನ್ನೊಂದು ಸುತ್ತು ಸುತ್ತಿದ್ದರೆ ಅವಳು ರಸ್ತೆಯ ಮೇಲಿರುತ್ತಿದ್ದಳು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ನಿರಿಗೆಯ ಮುದ್ದೆ. ಹಿಡಿದುಕೊಳ್ಳಲು ಅವಳಿಗೆ ಮೂರನೆಯ ಕೈಯಿರಲಿಲ್ಲ. ಕಾಯಬೇಕಾದ ಜಾಲರಿ ನನ್ನ ಹಿತ್ತಲಿನಲ್ಲಿ ಬಸಳೆ ಹೊತ್ತು ನಿಂತಿತ್ತು. ಅವಳು ಚೀಲದಿಂದ ಕತ್ತರಿ ತೆಗೆದು ಅಂಚನ್ನು ಕತ್ತರಿಸಿ, ಉಳಿದದ್ದನ್ನು ಸೊಂಟಕ್ಕೆ ಸಿಕ್ಕಿಸಿ, "ಹೋಗುವ ಸರ್, ತಡ ಆಗ್ತದೆ" ಎಂದಳು. ನನ್ನ ಮುಖವನ್ನು ಅವಳು ನೋಡಲಿಲ್ಲ, ಸದ್ಯ.

ಲೈನು ಮನೆಯ ಮುಂದೆ ನಾನು ಹಿಂದಿನಂತೆಯೇ ಜಗಲಿಯಲ್ಲಿ ಕೂತೆ. ಒಳಗಿನ ನರಳಾಟ ಏರಿತು, ಇಳಿಯಿತು, ನಿಂತಿತು. ಅದರ ಹಿಂದೆ ಬರಬೇಕಾದ ಇನ್ನೊಂದು ಅಳು ಬರಲಿಲ್ಲ. ಮೇರಿ ಹೊರಬಂದು ಹಂಡೆಯ ನೀರಿನಲ್ಲಿ ಕೈ ತೊಳೆಯುತ್ತಾ, ನನ್ನ ಕಡೆ ತಿರುಗದೆ, "ತಾಯಿ ಉಳಿದಳು ಸರ್" ಎಂದಳು. ಆ ಅರ್ಧ ಮಾತಿನ ಉಳಿದರ್ಧ ನನಗೆ ಚೆನ್ನಾಗಿ ಗೊತ್ತಿತ್ತು.

"ನಾನು ಇಲ್ಲೇ ಇರ್ತೇನೆ, ಜೀಪು ಬಂದ ಮೇಲೆ ಇವಳನ್ನ ಆಸ್ಪತ್ರೆಗೆ ಹಾಕ್ಕೊಂಡು ಬರ್ತೇನೆ. ನಾವು ಬಾರದೆ ಇದ್ದಿದ್ರೆ ಇವಳೂ ಇರ್ತಿರ್ಲಿಲ್ಲ" ಎಂದಳು. ಕೈ ಒರೆಸಿಕೊಳ್ಳುತ್ತಾ, "ಇಂಥ ದಿನ ಯಾರ ಹತ್ರ ಎಂತ ಹೇಳುವುದು ಅಂತಾನೇ ಗೊತ್ತಾಗುವುದಿಲ್ಲ" ಎಂದಳು. ಅವಳಿಗೆ ಹಣೆಯಾನಿಸಲು ಒಂದು ಬೆನ್ನೂ ಇರಲಿಲ್ಲ. ಹೇಳಬೇಕಾದದ್ದಿಲ್ಲಮ್ಮ ಎಂದೆ. ಬರುವಾಗ ಅಂಗಳದ ಗಿಡಗಳನ್ನು ನಾನು ಮುಟ್ಟಲಿಲ್ಲ.

ಒಬ್ಬನೇ ಮರಳುವಾಗ ಗಾಡಿ ಮತ್ತೆ ಬಲಕ್ಕೆ ಎಳೆಯಿತು. ಅದು ಸುಮಿತ್ರೆಯಲ್ಲ, ಬರಿಯ ಅಭ್ಯಾಸ ಎಂಬುದು ಈಗ ಗೊತ್ತಿದ್ದರಿಂದ ಹಾದಿ ಬಹಳ ಉದ್ದವಾಯಿತು.

ಮರುದಿನ ಶಾಲೆ ಮುಗಿಸಿ ಬಂದು ಕತ್ತಿ ಹಿಡಿದು ಹಿತ್ತಲಿಗೆ ಹೋದೆ. ಬಳ್ಳಿ ಜಾಲರಿಯ ಕಿಂಡಿಕಿಂಡಿಯಲ್ಲೂ ನುಗ್ಗಿ, ಮಾವಿನಕಾಯಿಗಳನ್ನು ಸುತ್ತಿ ಹಿಡಿದಿತ್ತು. ಬಿಡಿಸಲು ನೋಡಿದೆ, ಆಗಲಿಲ್ಲ, ಕತ್ತರಿಸಿದೆ. ಒಂದು ತುಂಡನ್ನು ಅಲ್ಲೇ ಮಣ್ಣಿಗೆ ಊರಿ ಬಿದಿರು ಕೋಲು ಕೊಟ್ಟೆ. ಗಾರ್ಡನ್ನು ಒಯ್ದು ಶೆಡ್ಡಿನಲ್ಲಿಟ್ಟಾಗ ಸಾಹೇಬರು ತುಕ್ಕು ಉಜ್ಜಿ, ಹೊಸ ಬೋಲ್ಟು ಹಾಕಿ ಎಡಬದಿಗೆ ಬಿಗಿದರು. ದಾರಿಯಲ್ಲಿ ಆಸ್ಪತ್ರೆಗೆ ಹೋಗಿ, ಮೇರಿಗೆ ಗಾಡಿ ತೋರಿಸಿ, ಇನ್ನು ಕರೆ ಬಂದರೆ ಬೇರೆ ಎಲ್ಲಿಯೂ ಕೇಳಬೇಡಿ, ಮೊದಲು ನಮ್ಮ ಮನೆಗೇ ಬನ್ನಿ ಎಂದೆ.

ಕತ್ತರಿಸಿದ ಬಸಳೆಯನ್ನು ಎಸೆಯಲು ಮನಸ್ಸಾಗದೆ ಹುಳಿ ಮಾಡಿದೆ. ನಾರ್ವೆಯಲ್ಲಿ ಹುಟ್ಟಿದ ಯಾವುದೋ ಕೂಸಿನ ಹೆಸರಿನ ಬಳ್ಳಿ. ಆ ಕೂಸು ಈಗ ನನ್ನ ಶಾಲೆಯಲ್ಲೇ ಇದ್ದೀತು. ಪಾತ್ರೆ ತುಂಬ ಆಯಿತು. ಬಡಿಸಿಕೊಂಡು ಉಂಡೆ. ಒಬ್ಬನಿಗೆ ಬಹಳವೇ ಉಳಿಯಿತು.