ಕುಲಸುಮಬೀ ಒಪ್ಪದ ಹೂದಾನಿ

ಬೀದರಿನ ಒಂದು ಸಣ್ಣ ವಸ್ತುಸಂಗ್ರಹಾಲಯದಲ್ಲಿ ಕುಲಸುಮಬೀ ಹತ್ತೊಂಬತ್ತು ವರ್ಷಗಳಿಂದ ಧೂಳು ಒರೆಸುತ್ತಿದ್ದಾಳೆ. ಕತ್ತಿ, ಬಂದೂಕುಗಳೆಂದರೆ ಅವಳಿಗೆ ಅಷ್ಟಕ್ಕಷ್ಟೆ. ಚೀನೀ ಪಿಂಗಾಣಿಯ ಕಪಾಟು ಮಾತ್ರ ಸ್ವಂತದ್ದೆಂಬ ಭಾವ. ನೀಲಿ ಬಳ್ಳಿಯ ತಟ್ಟೆಗಳು, ಮುಚ್ಚಳ ಕಳೆದುಕೊಂಡ ಚಹಾದ ಕೆಟಲ್, ತಿಳಿಹಸಿರು ಬಟ್ಟಲು ಎಲ್ಲವನ್ನೂ ತನ್ನದೇ ಹಳೆಯ ಸೀರೆಯ ತುಂಡಿನಿಂದ ಒರೆಸುತ್ತಾಳೆ. ಕಚೇರಿಯವರು ಕೊಡುವ ಬಟ್ಟೆ ಒರಟಂತೆ.

ಕಳೆದ ವರ್ಷ ಭಾಲ್ಕಿಯ ಸಪನಾ ಅಲ್ಲಿಗೆ ಹೊಸ ಅಧಿಕಾರಿಯಾಗಿ ಬಂದಳು. ಪ್ರತಿ ವಸ್ತುವಿನ ಮುಂದೆಯೂ ಹೆಸರಿನ ಚೀಟಿ ಇಡಿಸಿದಳು. ಅಗಲ ಬಾಯಿಯ, ಗಿಡ್ಡ ಕುತ್ತಿಗೆಯ ಒಂದು ಪಾತ್ರೆಯ ಮುಂದೆ ‘ಚೀನಾದ ಹೂದಾನಿ’ ಎಂದಿತ್ತು. ಕುಲಸುಮಬೀ ಅಕ್ಷರ ಕೂಡಿಸಿ ಓದಿ ನಕ್ಕುಬಿಟ್ಟಳು.

“ಯಾಕ ನಗ್ತೀರಿ, ಖಾಲಾ?” ಚಿಕ್ಕಮ್ಮನನ್ನು ಕರೆಯುವಂತೆ ಕರೆದು ಸಪನಾ ಕೇಳಿದಳು.

“ಇದು ಹೂದಾನಿ ಅಲ್ರಿ ಮೇಡಂ, ಉಗಾಲದಾನ. ಪಾನ ತಿಂದು ಉಗುಳೋದು. ನಮ್ಮ ದಾದಿ ಮಂಚದ ಬಾಜೂಕ ಹಿತ್ತಾಳಿದು ಇಂಥಾದೇ ಇತ್ತು. ದಿನಾ ನಾನೇ ತೊಳೀತಿದ್ದೆ.”

“ಹಳೇ ಪಟ್ಟಿಯೊಳಗ ಹೂದಾನಿ ಅಂತನೇ ಅದ.”

“ಪಟ್ಟಿ ಬರದವ್ರು ತೊಳದಿಲ್ಲಲ್ರಿ.”

ಮರುದಿನ ಕುಲಸುಮಬೀ ತನ್ನ ದಾದಿಯ, ಅಂದರೆ ಅಜ್ಜಿಯ, ಹಿತ್ತಾಳೆಯ ಪಾತ್ರೆಯನ್ನೇ ಚೀಲದಲ್ಲಿ ತಂದು ಸಪನಾಳ ಮೇಜಿನ ಮೇಲಿಟ್ಟಳು. ಜೊತೆಗೆ ದಂಟು ಸಮೇತ ಒಂದು ಹಿಡಿ ಚೆಂಡುಹೂ.

“ಇದರಾಗ ಹೂ ನಿಲ್ಲಸ್ರಿ ನೋಡೋಣ.”

ಸಪನಾ ನಿಲ್ಲಿಸಿ ನೋಡಿದಳು. ಹೂಗಳು ಅಗಲ ಅಂಚಿನ ಮೇಲೆ ಮಲಗಿ, ಅಲ್ಲಿಂದ ಕಡತಗಳ ಮೇಲೆ ಉರುಳಿದವು. ಮೂರು ಸಲ ಪ್ರಯತ್ನಿಸಿ ಅವಳು ತಲೆ ಹಿಡಿದುಕೊಂಡಳು.

“ಖಾಲಾ, ಮಂದಿಗಿ ಸಂಗ್ರಹಾಲಯ ತೋರಸೋ ಕಾರ್ಯಕ್ರಮದ ಪತ್ರಿಕಿ ಮ್ಯಾಲ ಆ ಚೀನಾದ್ದರ ಫೋಟೋನೇ ಹೂದಾನಿ ಅಂತ ಹಾಕೀವಿ. ಔರಾದ ತನಕ ಹಂಚಿ ಆಗ್ಯದ.”

“ಚಲೋ ಆತಲ್ರಿ, ನೋಡಲಾಕ ಮಂದಿ ಬರ್ತಾರ.”

ಸಪನಾ ಹೈದರಾಬಾದಿನ ತನ್ನ ಗುರುಗಳಿಗೆ ಎರಡೂ ಪಾತ್ರೆಗಳ ಚಿತ್ರ ಕಳಿಸಿದಳು. ಖಾಲಾ ಹೇಳಿದ್ದೇ ಸರಿ ಎಂದು ಉತ್ತರ ಬಂತು. ಚೀಟಿ ಬದಲಾಯಿತು. ಕಾರ್ಯಕ್ರಮದ ದಿನ ಆ ಕಪಾಟಿನ ಬಳಿ ನಿಂತು ಮಾತಾಡುವ ಕೆಲಸ ಕುಲಸುಮಬೀಯ ಪಾಲಿಗೆ ಬಂತು. ಮೊದಲು ಅವಳು ಚೀಟಿಯಲ್ಲಿದ್ದ ಹೆಸರನ್ನಷ್ಟೇ ಓದಿ ಹೇಳಿದಳು. ಠಾಣಾ ಕುಶನೂರದ ಶಾಲೆಯ ಮಕ್ಕಳು ಸುತ್ತ ಕೂತ ಮೇಲೆ ಮಾತು ನಿಲ್ಲಲೇ ಇಲ್ಲ.

“ಉಗುಳಾಕ ಇಷ್ಟು ಚಂದದ್ದು ಯಾಕ ಬೇಕ್ರಿ?” ಒಬ್ಬ ಹುಡುಗಿ ಕೇಳಿದಳು.

“ಇಂಥಾದು ಎದುರಿಗಿದ್ರ ಗ್ವಾಡಿಗಿ ಉಗುಳಲಾಕ ನಾಚಿಕಿ ಬರ್ತದವ್ವಾ.”

ಮಕ್ಕಳನ್ನು ಕರೆತಂದಿದ್ದ ಬಸ್ಸಿನ ಚಾಲಕ ಬಾಗಿಲಲ್ಲೇ ನಿಂತಿದ್ದ. ಅವನ ಬಾಯಿ ತುಂಬ ಗುಟಕಾ. ಕಸದ ಡಬ್ಬಿ ಎಲ್ಲಿದೆಯೆಂದು ಕೈಸನ್ನೆಯಲ್ಲಿ ಕೇಳಿದ.