ಫ್ರೀಜರ್ ಅತ್ತೆ

ನಮ್ಮ ಪ್ರಯೋಗಾಲಯದ ಹಿರಿಯ ಸಹಾಯಕಿಗೆ ನಾವಿಟ್ಟ ಹೆಸರು ಫ್ರೀಜರ್ ಅತ್ತೆ. ಸಕ್ಕರೆಯನ್ನು ಶಕ್ತಿಯಾಗಿಸುವ ಕಿಣ್ವ ಜೀವಕೋಶದ ಮಾದರಿಯಲ್ಲಿದೆಯೇ ಎಂದು ಪತ್ತೆಹಚ್ಚುವ ಪ್ರತಿಕಾಯವನ್ನು, ಮತ್ತೆ ಮತ್ತೆ ಕರಗಿ ಕೆಡದಿರಲೆಂದು, ಅವರು ಒಂದೊಂದು ಪರೀಕ್ಷೆಗಾಗುವಷ್ಟೇ ಪುಟ್ಟ ಕೊಳವೆಗಳಿಗೆ ಹಂಚಿ ಫ್ರೀಜರಿನಲ್ಲಿಡುತ್ತಾರೆ. ಮುಟ್ಟಿದವರಿಗೆ, "ಕುಲುಕಬೇಡ್ರೀ, ಮಲಗಿರೋ ಕೂಸದು!" ಎಂಬ ಗದರಿಕೆ. ಫ್ರೀಜರ್ ಬಾಗಿಲು ತೆರೆದು ಯೋಚಿಸುತ್ತಾ ನಿಂತರಂತೂ, "ಒಳಗೇ ಸಂಸಾರ ಹೂಡ್ತೀರಾ?" ಫಲಿತಾಂಶದಲ್ಲಿ ಕಿಣ್ವ ಇದೆಯೆಂದು ಸಾರುವ ಕಪ್ಪುಗೆರೆ ಮೂಡಿದ ದಿನ ಮಾತ್ರ ಎಲ್ಲರ ಗಲ್ಲ ಹಿಂಡುತ್ತಾರೆ. ನಾನು ಹೆರಿಗೆ ರಜೆ ಮುಗಿಸಿ ಬಂದ ಮೊದಲ ದಿನ, ಮಗುವಿಗೆಂದು ತೆಗೆದ ಎದೆಹಾಲನ್ನು ಸಂಜೆಯವರೆಗೆ ಎಲ್ಲಿಡುವುದೆಂದು ತಿಳಿಯದೆ, "ಕೆಲಸ ಬಿಟ್ಟುಬಿಡ್ತೀನಿ ಅತ್ತೆ" ಎಂದು ಅಳುಮುಖ ಮಾಡಿದೆ. "ಸುಮ್ನಿರೇ, ಕೊಡಿಲ್ಲಿ" ಎಂದು ಬಾಟಲಿ ಕಸಿದುಕೊಂಡರು. ಸಂಜೆ ನೋಡಿದರೆ, ಊಟದ ಕೋಣೆಯ ಫ್ರಿಜ್ಜಿನ ಮೇಲಿನಂತಸ್ತು ಪೂರ್ತಿ ಖಾಲಿ. ನಡುವೆ ನನ್ನ ಬಾಟಲಿಯೊಂದೇ, ಅದರ ಮೇಲೆ ಅತ್ತೆಯ ಗುಂಡು ಅಕ್ಷರದ ಚೀಟಿ: "ಕೂಸಿನದು. ಮುಟ್ಟಿದರೆ ನಾನಿದ್ದೇನೆ."