ಕಡ್ಡಿ ನರ್ಸಮ್ಮನ ಅಣ್ಣ

ನನ್ನ ನಾದಿನಿಗೆ ಆಸ್ಪತ್ರೆಯ ಜನ ಇಟ್ಟ ಹೆಸರು ಕಡ್ಡಿ ನರ್ಸಮ್ಮ. ಮೈಕಟ್ಟು ನೋಡಿ ಇಟ್ಟದ್ದಲ್ಲ, ನನಗಿಂತ ಎರಡು ಸುತ್ತು ದಪ್ಪವೇ ಇದ್ದಾಳೆ. ಮಾತು ಕಡ್ಡಿ ಮುರಿದ ಹಾಗೆ ಆಡುತ್ತಾಳೆ, ಅದೊಂದು ಕಾರಣ. ಇನ್ನೊಂದು ಕಾರಣ, ಅವಳ ಸಮವಸ್ತ್ರದ ಜೇಬಿನಲ್ಲಿ ಸದಾ ಇರುವ ಐಸ್‌ಕ್ಯಾಂಡಿ ಕಡ್ಡಿಗಳ ಕಟ್ಟು.

ಅವಳದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಬಾಯಿ, ಗಂಟಲಿನವರ ವಾರ್ಡು. ಕೆನ್ನೆಯ ಒಳಗೆ ಆಪರೇಷನ್ ಆಗಿ, ಆಮೇಲೆ ರೇಡಿಯೇಷನ್ ತೆಗೆದುಕೊಂಡವರಿಗೆ (ನಾವೆಲ್ಲ ಅದನ್ನು ಕರೆಂಟು ಕೊಡೋದು ಅನ್ನುತ್ತೇವೆ) ದವಡೆ ದಿನದಿನಕ್ಕೂ ಬಿಗಿಯುತ್ತಾ ಬರುತ್ತದೆ. ಸುಮ್ಮನೆ ಬಿಟ್ಟರೆ ತುತ್ತು ಹಾಗಿರಲಿ, ಹಲ್ಲುಜ್ಜುವ ಬ್ರಷ್ಷೂ ಒಳಗೆ ಹೋಗದ ಹಾಗಾಗುತ್ತದೆ. ಅದಕ್ಕೇ ಈ ಕಡ್ಡಿ. ನೀರಲ್ಲಿ ಕುದಿಸಿದ ಚಪ್ಪಟೆ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಂಡು ಕೂತಿರಬೇಕು. ಅಷ್ಟಕ್ಕೆ ಬಾಯಿ ಒಗ್ಗಿದರೆ ಮಧ್ಯಕ್ಕೆ ಇನ್ನೊಂದು ಕಡ್ಡಿ ತೂರಿಸಬೇಕು. ಕರೆಂಟು ನಡೆಯುವಾಗಲೂ ಮಾಡಬೇಕು, ಮುಗಿದ ಮೇಲೂ ತಿಂಗಳುಗಟ್ಟಲೆ ಮಾಡಬೇಕು. ನೋವು ಜೀವ ಹಿಂಡುತ್ತದೆ.

ವಾರ್ಡಿನ ಹೊರಗೆ ಉದ್ದನೆಯ ಬೆಂಚು. ಅದರ ಮೇಲೆ ಸಾಲಾಗಿ ಕೂತ ಗಂಡಸರು ಹೆಂಗಸರು, ಎಲ್ಲರ ಬಾಯಲ್ಲೂ ಕಡ್ಡಿ. ಇವಳು ಒಬ್ಬೊಬ್ಬರ ಗದ್ದ ಹಿಡಿದು ನೋಡುತ್ತಾ ಬರುತ್ತಾಳೆ. ರೋಗಿಗಳ ಹೆಂಡತಿಯೋ ಮಗಳೋ "ಪಾಪ, ಇವತ್ತೊಂದಿನ ಬಿಡಿ ನರ್ಸಮ್ಮ" ಅಂದರೆ ಮುಗಿಯಿತು.

"ಪಾಪ ಅನ್ನೋದಾದ್ರೆ ಮನೆಗೆ ಹೋಗಿ ಅನ್ಕೊಳ್ಳಿ. ಇಲ್ಲಿ ಬಾಯಿ ತೆಗೆಸಿ."

ಒಮ್ಮೆ ಒಬ್ಬ ಮೇಷ್ಟ್ರು ನೋವು ತಾಳಲಾರದೆ ಅವಳಿಗೆ ಬಾಯಿಗೆ ಬಂದ ಹಾಗೆ ಬೈದರಂತೆ. ಇವಳು ಬಾಗಿ ನೋಡಿ, "ಪರವಾಗಿಲ್ವೇ, ಬೈಯುವಾಗ ಚೆನ್ನಾಗಿ ತೆರ್ಕೊಳ್ಳುತ್ತೆ. ಇನ್ನೊಂದ್ಸಲ ಬೈರಿ ಮೇಷ್ಟ್ರೇ" ಅಂದಳಂತೆ. ಮನೆಗೆ ಬಂದು ಹೇಳಿದಾಗ ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು. ನಮ್ಮ ಮನೆಗೂ ಆ ಕಡ್ಡಿ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು?

ನಮ್ಮನೆಯವರು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವರು. ಗಂಟೆಯಣ್ಣ ಅಂತಲೇ ಕರೆಯುತ್ತಿದ್ದರು. ಅವರು ಬಾಯಿ ತೆರೆದರೆ ಮಾರುಕಟ್ಟೆಯ ಆ ಕೊನೆಯ ಹಮಾಲನೂ ತಿರುಗಿ ನೋಡುತ್ತಿದ್ದ. ಆ ಬಾಯಿಯ ಎಡಗೆನ್ನೆಯಲ್ಲಿ ಹೊಗೆಸೊಪ್ಪಿನ ಉಂಡೆ ಕಾಯಂ. ತಂಗಿ ಹೇಳಿ ಹೇಳಿ ಸೋತಳು. "ನೀನು ಆಸ್ಪತ್ರೆಯವ್ರನ್ನ ಹೆದರಿಸು ಪುಟ್ಟಿ, ನನ್ನನ್ನಲ್ಲ" ಅನ್ನುತ್ತಿದ್ದರು. ಕೊನೆಗೆ ಕೆನ್ನೆಯೊಳಗೆ ಮಾಯದ ಹುಣ್ಣೊಂದು ಕಂಡಿತು. ಅವಳು ಊಟದ ನಡುವೆಯೇ ಎದ್ದು ಟಾರ್ಚು ತಂದು ನೋಡಿದಳು. ಕೈ ತೊಳೆದು, ಮರುದಿನ ತಾನೇ ಅಣ್ಣನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದಳು.

ಆಪರೇಷನ್ ಆಯಿತು, ಕರೆಂಟು ಶುರುವಾಯಿತು, ಬಾಯೆಲ್ಲ ಹುಣ್ಣು. ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿದರು. ಆಗ ಅವಳು ನನಗೆ ಕಲಿಸಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಊಟ ಬಿಡುವಾಗ ಅವರನ್ನು ನೆಟ್ಟಗೆ ಕೂರಿಸಬೇಕು, ಬಿಟ್ಟ ಮೇಲೂ ಸ್ವಲ್ಪ ಹೊತ್ತು ಮಲಗಲು ಬಿಡಬಾರದು. ಸೋಸಿದ ಊಟ ಸಾವಕಾಶ ಬಿಟ್ಟು, ನಳಿಗೆ ಕಟ್ಟದಂತೆ ಕೊನೆಗೆ ನೀರು ಬಿಡಬೇಕು. ಉಪ್ಪು, ಅಡುಗೆ ಸೋಡಾ ಹಾಕಿದ ನೀರಿನಿಂದ ಬಾಯಿ ಮುಕ್ಕಳಿಸಬೇಕು. ನಾನು ಒಮ್ಮೆ ಅವಸರ ಮಾಡಿದ್ದಕ್ಕೆ, "ಅತ್ತಿಗೆ, ನೀವೇನು ಕೊಡಕ್ಕೆ ನೀರು ತುಂಬಿಸ್ತಾ ಇಲ್ಲ" ಅಂದಳು. ನನಗೆ ಮೈ ಉರಿದರೂ ಕೈ ನಿಧಾನ ಮಾಡಿದೆ. ಅವಳ ಕೈ ಇದ್ದ ಕಡೆ ಇವರು ನಿಶ್ಚಿಂತೆಯಿಂದ ಇರುತ್ತಿದ್ದರು, ಅದನ್ನು ಇಲ್ಲ ಅನ್ನಲಾರೆ.

ಆದರೆ ಮನೆಯಲ್ಲಿ ಕಡ್ಡಿಯ ಹೊತ್ತು ಬಂದಾಗ ನೋಡಬೇಕಿತ್ತು. ಮೊದಲ ಸಲ ಇಟ್ಟಾಗಲೇ ಇವರ ಕಣ್ಣಲ್ಲಿ ದಳದಳ ನೀರು. ಕೈಯೆತ್ತಿ ಬೇಡ ಅಂದರು. ಅವಳು ಕಡ್ಡಿಗಳನ್ನು ಮೆಲ್ಲಗೆ ಹೊರತೆಗೆದು ಡಬ್ಬಿಯೊಳಗೆ ಹಾಕಿದಳು.

"ಪಾಪ, ಇವತ್ತು ಬೇಡ ಅತ್ತಿಗೆ. ನಾಳೆ ಮಾಡ್ಸೋಣ."

ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ನಾಳೆ ಅಂದವನ ಮನೆ ಹಾಳು ಅಂತ ಗಾದೆ ಇದೆಯಲ್ಲ, ಆ ನಾಳೆ ನಮ್ಮ ಮನೆಯಲ್ಲೇ ಬಿಡಾರ ಹೂಡಿತು. ಅವಳಿಲ್ಲದಾಗ ನಾನು ಡಬ್ಬಿ ಹಿಡಿದು ಹೋದರೆ, "ಪುಟ್ಟಿ ಬಿಡು ಅಂದಿದಾಳೆ" ಎಂದು ಗೋಡೆಯ ಕಡೆ ತಿರುಗುತ್ತಿದ್ದರು. ಬಲ್ಲವಳು ಅವಳು, ನಾನು ಏನೆಂದು ಹೇಳಲಿ? ತಪಾಸಣೆಗೆ ಹೋದಾಗಲೂ, ತಂಗಿಯೇ ಕಡ್ಡಿ ನರ್ಸಮ್ಮ ಆಗಿರುವಾಗ ಇವರಿಗೇನು ಕೊರತೆ ಎಂದು ಯಾರೂ ಕೆದಕಿ ಕೇಳಲಿಲ್ಲ.

ಅವಳು ಹಾಗೆ ಮಾಡಿದ್ದೇಕೆ ಎಂಬುದೂ ನನಗೆ ಗೊತ್ತು. ಅವಳು ಚಿಕ್ಕವಳಿದ್ದಾಗ ಪದೇ ಪದೇ ಜ್ವರ ಬೀಳುತ್ತಿದ್ದಳಂತೆ. ಅತ್ತೆ ಕಹಿ ಔಷಧಿಯ ಲೋಟವನ್ನು ಅಣ್ಣನ ಕೈಗೆ ಕೊಟ್ಟು ಕುಡಿಸು ಅನ್ನುತ್ತಿದ್ದರಂತೆ. ಇವಳು ಬಾಯಿ ಮುಚ್ಚಿಕೊಂಡು ಅತ್ತರೆ, ಆ ಪುಣ್ಯಾತ್ಮ ಔಷಧಿಯನ್ನು ತಾನೇ ಗಟಗಟ ಕುಡಿದು, ಖಾಲಿ ಲೋಟ ತೋರಿಸುತ್ತಿದ್ದನಂತೆ. ಜ್ವರ ಮಾತ್ರ ಇಳಿಯುತ್ತಿರಲಿಲ್ಲ. ಇಬ್ಬರೂ ಅದನ್ನು ಹೇಳಿಕೊಂಡು ಎಷ್ಟೋ ಸಲ ನಕ್ಕಿದ್ದಾರೆ.

ಕರೆಂಟು ಮುಗಿದು, ಹುಣ್ಣು ಮಾದು, ಒಂದು ದಿನ ನಳಿಗೆ ತೆಗೆದರು. ನಾನು ಅನ್ನವನ್ನು ಬೆಣ್ಣೆಯ ಹಾಗೆ ನುರಿದು, ತಣ್ಣಗಾಗಿಸಿ ತಂದೆ. ಅವಳೂ ಎದುರಿಗೆ ಕೂತಿದ್ದಳು. ಚಮಚ ಇವರ ಹಲ್ಲಿಗೆ ಟಕ್ ಎಂದು ತಗಲಿ ಅಲ್ಲೇ ನಿಂತಿತು. ಓರೆ ಮಾಡಿದರೂ ಹೋಗಲಿಲ್ಲ. ಇವರು ನನ್ನನ್ನು ನೋಡಿದರು, ಆಮೇಲೆ ತಂಗಿಯನ್ನು ನೋಡಿದರು. ಅವಳು ಡಬ್ಬಿ ತಂದು ಕಡ್ಡಿ ಇಟ್ಟು ನೋಡಿದಳು. ಎರಡು ಹೋದವು. ಮೂರನೆಯದು ಹೋಗಲಿಲ್ಲ.

ನಾನು ಅಡುಗೆಮನೆಗೆ ಹೋದೆ, ಅವಳು ಹಿಂದೆಯೇ ಬಂದಳು. ನನ್ನ ನಾಲಿಗೆ ನನ್ನ ಹಿಡಿತದಲ್ಲಿರಲಿಲ್ಲ.

"ಊರವ್ರ ಗಂಡಂದಿರ ಬಾಯಿಗೆಲ್ಲ ಕಡ್ಡಿ ತುರುಕಿದೆ ಕಣೇ. ನನ್ನ ಗಂಡನಿಗೆ ಮಾತ್ರ ಪಾಪ ಅಂದೆ. ಆ ಪಾಪಾನ ನಾನೀಗ ಅವರಿಗೆ ಯಾವ ಚಮಚದಲ್ಲಿ ತಿನ್ನಿಸ್ಲಿ ಹೇಳು."

ಅವಳು ನೆಲದ ಮೇಲೆ ಕುಸಿದು ಕೂತಳು. ಅಷ್ಟು ದೊಡ್ಡ ಹೆಂಗಸು ಮೊಣಕಾಲಿಗೆ ಮುಖ ಇಟ್ಟು ಅತ್ತಳು. "ಅವನ ಕಣ್ಣೀರು ನೋಡೋಕೆ ನನ್ನ ಕೈಲಾಗ್ಲಿಲ್ಲ ಅತ್ತಿಗೆ" ಅಂದಳು. ನನಗೆ ಅವಳ ಮೇಲೆ ಕೋಪವೂ ಇತ್ತು, ಮರುಕವೂ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

"ಮನೇಲಿ ಮಾಡ್ಸೋದು ನನ್ನಿಂದ ಆಗಲ್ಲ. ನಾಳೆಯಿಂದ ಅಣ್ಣನ್ನ ವಾರ್ಡಿನ ಬೆಂಚಿಗೆ ಕರ್ಕೊಂಡು ಬನ್ನಿ. ಅಲ್ಲಿ ನಾನು ಬೇರೆಯವಳು."

ನಿಜವಾಗಿಯೂ ಬೇರೆಯವಳೇ ಆದಳು. ಬೆಂಚಿನ ಮೇಲೆ ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವರು ಇವರೇ. ನರಳಿದರೆ, "ಹೂಂ, ಕೂಗು. ಮಾರುಕಟ್ಟೆಗೆ ಕೇಳಿಸ್ಬೇಕು" ಅನ್ನುತ್ತಿದ್ದಳು. ಇವರು ಅಳುತ್ತಲೇ ಕಡ್ಡಿ ಕಚ್ಚಿಕೊಂಡು ಕೂತಿರುತ್ತಿದ್ದರು, ನಾನು ಪಕ್ಕದಲ್ಲಿ ಕೈ ಹಿಡಿದುಕೊಂಡಿರುತ್ತಿದ್ದೆ. ತಿಂಗಳು ಕಳೆದ ಹಾಗೆ ಒಂದೊಂದೇ ಕಡ್ಡಿ ಸೇರಿತು. ಆದರೆ ಬಿಗಿದ ದವಡೆ ಪೂರ್ತಿ ಸಡಿಲಗೊಳ್ಳುವುದಿಲ್ಲ, ಶುರುವಿನಲ್ಲಿ ಕಳೆದುಕೊಂಡದ್ದು ಕಳೆದುಕೊಂಡದ್ದೇ ಎಂದು ಡಾಕ್ಟರು ಹೇಳಿದರು. ಇವರು ಈಗ ಮಕ್ಕಳ ಚಮಚದಲ್ಲಿ ಉಣ್ಣುತ್ತಾರೆ. ಮಾತು ತೊದಲು. ಮಾರುಕಟ್ಟೆಯಲ್ಲಿ ಬೇರೆಯವರು ಕೂಗುತ್ತಾರೆ, ಇವರು ತಕ್ಕಡಿಯ ಹತ್ತಿರ ಕೂತಿರುತ್ತಾರೆ.

ಅಣ್ಣ ತಂಗಿ ಆ ವಿಷಯ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಮೊನ್ನೆ ಕೇಳಿದೆ.

ಇವರು ಈಗಲೂ ವಾರಕ್ಕೊಮ್ಮೆ ಬೆಂಚಿಗೆ ಹೋಗುತ್ತಾರೆ. ಮೊನ್ನೆ ಹೊಸಬನೊಬ್ಬ ಬಂದಿದ್ದ, ಬಡಗಿ. ಕಡ್ಡಿ ಇಡುತ್ತಲೇ ಕಿತ್ತು ತೆಗೆದು ತಲೆ ಕೆಳಗೆ ಹಾಕಿ ಕೂತ. ಅವನ ಹೆಂಡತಿ ಅವನ ಬೆನ್ನು ಸವರುತ್ತಾ, "ಪಾಪ, ಇವತ್ತೊಂದಿನ ಬಿಟ್ಬಿಡಿ. ನಾಳೆ ಮಾಡಿದ್ರಾಯ್ತು" ಅಂದಳು.

ನಮ್ಮನೆಯವರು ಬಾಯಿಂದ ಕಡ್ಡಿ ತೆಗೆದು ಆ ಕಡೆ ತಿರುಗಿದರು.

"ಪಾಪ ಅನ್ಬೇಡಮ್ಮ" ಅಂದರು. ಒಂದೊಂದು ಅಕ್ಷರವನ್ನೂ ಜಗ್ಗಿ ಹೇಳಬೇಕಾಯಿತು. "ನನ್ ತಂಗಿ ಹಾಗೇ ಅಂದ್ಲು. ನೋಡು." ಎಷ್ಟು ಆಗುತ್ತದೋ ಅಷ್ಟು ಬಾಯಿ ತೆರೆದು ತೋರಿಸಿದರು.

ಬೆನ್ನ ಹಿಂದೆ ನನ್ನ ನಾದಿನಿ ಟ್ರೇ ಹಿಡಿದು ನಿಂತಿದ್ದಳು. ಇವರಿಗೆ ಅದು ಗೊತ್ತಿರಲಿಲ್ಲ. ಅವತ್ತು ಅಷ್ಟೆಲ್ಲ ಬೈದ ನನಗೇ, ಇವರ ಬಾಯಿಗೆ ಕೈ ಅಡ್ಡ ಇಡೋಣ ಅನ್ನಿಸಿತು. ಬಡಗಿಯ ಹೆಂಡತಿ ಇವರನ್ನೂ ಅವಳನ್ನೂ ನೋಡುತ್ತಿದ್ದಳು.

ನಾದಿನಿ ಟ್ರೇಯನ್ನು ಬೆಂಚಿನ ಮೇಲಿಟ್ಟಳು. ಅಣ್ಣನ ಹೆಗಲ ಮೇಲೆ ಒಂದು ಕೈ ಊರಿಕೊಂಡು, ಇನ್ನೊಂದು ಕೈಯಿಂದ ಬಡಗಿಯ ಗದ್ದ ಹಿಡಿದಳು.

"ಅಣ್ಣ ಹೇಳಿದ್ದು ನಿಜ. ಆ ತಂಗಿ ನಾನೇ. ಹೂಂ, ಬಾಯಿ ತೆಗೀರಿ."

ಬಡಗಿ ಬಾಯಿ ತೆಗೆದ.